ಮಳೆಗಾಲದಲ್ಲಿ ವಿದ್ಯುಚ್ಛಕ್ತಿ ಹಾಗೂ ಸುದ್ದಿ ಸಂಚಾರದ ರಕ್ಷಣೆ: ಹಿರೇಗುತ್ತಿಯ ಗಜನಿ ಸೀಮೆಗೆ ಅನ್ವಯಿಸಿದ ಪಾಠ

ಕುಮಟಾ ತಾಲೂಕಿನ ಹಿರೇಗುತ್ತಿಯ ಸೀಮೆಯು ಎರಡು ಹೊಳೆಗಳ ನಡುವಣ ನಾಡು. ತೆಂಕಣಕ್ಕೆ ಅಘನಾಶಿನಿ, ಬಡಗಣಕ್ಕೆ ಗಂಗಾವಳಿ. ಮೂಡಲಿಗೆ ಗುಡ್ಡಗಳ ಸಾಲು, ಪಡುವಲಿಗೆ ಹಿನ್ನೀರೂ ಗಜನಿ ಗದ್ದೆಗಳೂ ಇವೆ. ಇವುಗಳ ಮಧ್ಯದ ಕಿರಿದಾದ ನೆಲದಲ್ಲಿಯೇ ೬೬ನೆಯ ರಾಷ್ಟ್ರೀಯ ಹೆದ್ದಾರಿಯೂ ಕೊಂಕಣ ರೈಲುಮಾರ್ಗವೂ ವಿದ್ಯುತ್ತಿನ ತಂತಿಗಳೂ ಸುದ್ದಿಯನ್ನೊಯ್ಯುವ ಗಾಜಿನ ಎಳೆಗಳೂ ಸಾಗಬೇಕಾಗಿವೆ. ನೆಲವು ಕಡಿಮೆಯಾದ ಕಾರಣ ಇವೆಲ್ಲವೂ ಒಂದರ ಮಗ್ಗುಲಿಗೊಂದು ಹೋಗುವುದು ಅನಿವಾರ್ಯವಾಗಿದೆ. ಒಂದಕ್ಕೆ ಒದಗಿದ ಕೇಡು ಮಿಕ್ಕವುಗಳಿಗೂ ತಗಲುವುದೂ ಅಷ್ಟೇ ಸಹಜವಾಗಿದೆ.

೨೦೨೪ನೆಯ ಇಸವಿ ಜುಲೈ ೧೬ರಂದು ಪುನರ್ವಸು ಮಳೆಯ ರಭಸದಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಬಳಿ ಹೆದ್ದಾರಿಯ ಮೇಲಿನ ಗುಡ್ಡವು ಕುಸಿದುದನ್ನು ಈ ಭಾಗದವರು ಮರೆತಿರಲಾರರು. ಮಣ್ಣು ರಸ್ತೆಯನ್ನು ಮುಚ್ಚಿ, ಅಲ್ಲಿದ್ದ ಜನರನ್ನೂ ವಾಹನಗಳನ್ನೂ ಎಳೆದುಕೊಂಡು ಗಂಗಾವಳಿಗೆ ಇಳಿಯಿತು. ಹೊಳೆಯ ನೀರು ತೆರೆಯಾಗಿ ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಹಲವರು ಪ್ರಾಣ ಕಳೆದುಕೊಂಡರು. ಹೊಳೆಗೆ ಬಿದ್ದ ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರಿನ ಕೊನೆಯ ವಾರದಲ್ಲಿ. ಹೆದ್ದಾರಿಯು ಬಹುದಿನ ಮುಚ್ಚಿತು. ವಿದ್ಯುತ್ತಿನ ತಂತಿಗಳೂ ಹರಿದವು. ಇದಾಗಿ ಮೂರು ವಾರ ಕಳೆಯುತ್ತಲೇ, ಆಗಸ್ಟ್ ೭ರ ನಸುಕಿನಲ್ಲಿ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಇದಕ್ಕೂ ಮೊದಲು ೨೦೨೧ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿಯ ನೆರೆಯು ಕೊಚ್ಚಿಕೊಂಡು ಹೋಗಿತ್ತು. ಸೇತುವೆಯೆಂದರೆ ಕೇವಲ ಗಾಡಿ ದಾಟುವ ದಾರಿಯಲ್ಲ. ಅದರ ಮಗ್ಗುಲಿಗೆ ಕಟ್ಟಿದ ಕೊಳವೆಯೊಳಗೆ ದೂರವಾಣಿಯ ಎಳೆಗಳೂ ಹೊಳೆಯನ್ನು ದಾಟುವುದುಂಟು. ಸೇತುವೆ ಬಿದ್ದ ದಿನ ಊರಿನ ಮಾತೂ ನಿಲ್ಲಬಹುದೆಂಬುದನ್ನು ಮುಖಂಡರು ಗಮನದಲ್ಲಿಡತಕ್ಕದ್ದು.

ಹೊಳೆಗಳೆರಡರ ಮೇಲೂ ದಾರಿ ಕಡಿದರೆ ಹಿರೇಗುತ್ತಿ, ಬೆಟ್ಕುಳಿ, ಮಾದನಗೇರಿ, ತೊರ್ಕೆಗಳ ಸೀಮೆಯು ಸ್ವಲ್ಪಕಾಲ ಕುರ್ವೆಯಂತಾಗುವುದು. ಅಂತಹ ಮೂರು ದಿನಗಳನ್ನು ಊರು ತನ್ನ ಬಲದ ಮೇಲೆಯೇ ಕಳೆಯುವುದು ಹೇಗೆಂಬುದೇ ಈ ಪಾಠದ ವಿಷಯವು.

ಕರೆಂಟು ಎಲ್ಲಿ ಕಡಿಯುತ್ತದೆ

“ಕೈಗಾ ಇಷ್ಟು ಹತ್ತಿರವಿದ್ದೂ ನಮ್ಮೂರಿಗೆ ಕತ್ತಲೆಯೇ?” ಎಂಬ ಮಾತು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಮಾತಿನಲ್ಲಿ ನೋವಿದೆ, ಆದರೆ ತರ್ಕವಿಲ್ಲ. ಉತ್ತರ ಕನ್ನಡದ ಸುತ್ತಮುತ್ತ ವಿದ್ಯುದುತ್ಪಾದನೆಗೆ ಕೊರತೆಯಿಲ್ಲ. ಕೈಗಾದಲ್ಲಿ ೨೨೦ ಮೆಗಾವಾಟಿನ ನಾಲ್ಕು ಘಟಕಗಳಿವೆ. ಕಾಳಿ ನದಿಗೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುದಾಗಾರಗಳಿವೆ. ಶರಾವತಿಗೆ ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗೆ ಸಾಲಾಗಿ ಇವೆ. ಕೈಗಾದ ಮೊದಲನೆಯ ಘಟಕವು ೨೦೧೬ರ ಮೇ ತಿಂಗಳಿನಿಂದ ೨೦೧೮ರ ಡಿಸೆಂಬರ್ ೩೧ರ ವರೆಗೆ ೯೬೨ ದಿವಸ ಒಮ್ಮೆಯೂ ನಿಲ್ಲದೆ ನಡೆದು ಲೋಕದಲ್ಲಿ ದಾಖಲೆ ಮಾಡಿತು. ಆ ಅವಧಿಯೊಳಗೆ ಮೂರು ಮಳೆಗಾಲಗಳು ಬಂದು ಹೋದವು. ಕರಾವಳಿಯ ಹಳ್ಳಿಗಳಲ್ಲಿ ದೀಪವಾರಿದ ರಾತ್ರಿಗಳು ಆಗಲೂ ಇದ್ದವು. ಕೆರೆ ತುಂಬಿದ್ದರೂ ಕಾಲುವೆಯ ಒಡ್ಡು ಒಡೆದರೆ ಗದ್ದೆಗೆ ನೀರಿಲ್ಲ. ವಿದ್ಯುತ್ತಿನ ಸಂಗತಿಯೂ ಇದೇ.

ಉತ್ಪಾದನೆಯ ಸ್ಥಳದಿಂದ ಭಾರಿ ಒತ್ತಡದ ತಂತಿಗಳ ಮೂಲಕ ಶಕ್ತಿಯು ಉಪಕೇಂದ್ರಕ್ಕೆ ಬರುವುದು. ಅಲ್ಲಿಂದ ೧೧,೦೦೦ ವೋಲ್ಟಿನ ಕವಲುತಂತಿ ಹೊರಟು ಊರೂರು ಸುತ್ತುವುದು. ಊರಿನಲ್ಲಿ ಟ್ರಾನ್ಸ್‌ಫಾರ್ಮರು ಆ ಒತ್ತಡವನ್ನು ಸುಮಾರು ೪೦೦ ವೋಲ್ಟಿಗೆ ಇಳಿಸುವುದು. ಭಾರಿ ತಂತಿಗಳು ಎತ್ತರದ ಉಕ್ಕಿನ ಗೋಪುರಗಳ ಮೇಲೆ, ಮರಗಳನ್ನು ಕಡಿದು ಬಿಡಿಸಿದ ಹಾದಿಯಲ್ಲಿ ಸಾಗುತ್ತವೆ. ಒಂದು ದಾರಿ ಕಡಿದರೆ ಮತ್ತೊಂದು ದಾರಿಯಿಂದ ಶಕ್ತಿಯು ಬರುವ ಏರ್ಪಾಡೂ ಅವಕ್ಕುಂಟು. ೧೧,೦೦೦ ವೋಲ್ಟಿನ ಕವಲಾದರೋ ತೆಂಗಿನ ತೋಟ, ಗೇರು ಹಕ್ಕಲು, ಗಜನಿಯ ಕಟ್ಟೆಗಳ ನಡುವೆ ಸಿಮೆಂಟು ಕಂಬಗಳ ಮೇಲೆ ಹೋಗುತ್ತದೆ. ಅದರ ಬುಡದಲ್ಲಿ ಒಂದು ಮಡಲು ಬಿದ್ದರೆ ತುದಿಯ ಊರುಗಳೆಲ್ಲ ಕತ್ತಲಾಗುವುವು. ಕರಾವಳಿಯಲ್ಲಿ ಕರೆಂಟು ಹೋದ ಹೆಚ್ಚಿನ ರಾತ್ರಿಗಳಲ್ಲಿ ಕೇಡು ಇರುವುದು ಈ ಕೊನೆಯ ಕೆಲವು ಮೈಲಿಗಳಲ್ಲಿ. ಅಂದಮೇಲೆ ಅದನ್ನು ಕಾಯುವ ಕೆಲಸದಲ್ಲಿ ಊರಿನವರಿಗೂ ಪಾಲಿದೆ. ಉದ್ದದ ತಂತಿಯನ್ನು ನಂಬುವುದು ಈ ನಾಡಿಗೆ ಹೊಸತಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ೯೦ ಮೈಲಿಗೂ ಮಿಕ್ಕ ದೂರ ತಂತಿಯನ್ನೆಳೆದಾಗಲೇ ಅದು ಆರಂಭವಾಯಿತು. ಆ ಕಾಲದಲ್ಲಿ ತಂತಿ ಕಾಯುವುದು ಜಲಚಕ್ರ ತಿರುಗಿಸುವಷ್ಟೇ ದೊಡ್ಡ ಕೆಲಸವಾಗಿತ್ತು.

ದೇಶದ ಮಟ್ಟದಲ್ಲಿ ಕೇಡೊದಗಿದ ಉದಾಹರಣೆಯೂ ಇಲ್ಲದಿಲ್ಲ. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತದ ವಿದ್ಯುಜ್ಜಾಲವು ಕುಸಿದು ಸುಮಾರು ೬೦ ಕೋಟಿ ಜನರು ವಾಸಿಸುವ ಪ್ರದೇಶವು ತೊಂದರೆಗೊಳಗಾಯಿತು. ದಕ್ಷಿಣದ ಜಾಲವು ಆಗ ಉತ್ತರದೊಡನೆ ಒಂದೇ ಲಯದಲ್ಲಿ ಬೆಸೆದುಕೊಂಡಿರಲಿಲ್ಲವಾಗಿ ಕರ್ನಾಟಕವು ಪಾರಾಯಿತು. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು-ಸೋಲಾಪುರ ನಡುವಣ ೭೬೫ ಕಿಲೋವೋಲ್ಟಿನ ತಂತಿಯ ಮೂಲಕ ಎರಡೂ ಜಾಲಗಳು ಕೂಡಿದವು. ಇದರಿಂದ ಕೊರತೆಯ ಕಾಲದಲ್ಲಿ ದೂರದ ಶಕ್ತಿಯು ಇಲ್ಲಿಗೆ ಒದಗುತ್ತದೆ. ದೂರದ ಕೇಡೂ ಒದಗಬಹುದು. ಆ ಮಟ್ಟದ ರಕ್ಷಣೆಯು ತಜ್ಞರ ಹೊಣೆ. ಹಳ್ಳಿಯ ಮುಖಂಡರು ಚಿಂತಿಸಬೇಕಾದದ್ದು ತಮ್ಮ ಟ್ರಾನ್ಸ್‌ಫಾರ್ಮರಿನ ನೆತ್ತಿಯ ಮೇಲೆ ಬಾಗಿದ ತೆಂಗಿನ ಮರವನ್ನು.

ಮರ, ಉಪ್ಪು ಮತ್ತು ತಂತಿ

ತಂತಿಯ ಸಮೀಪದ ಮರವು ಅಪಾಯಕರವೋ ಅಲ್ಲವೋ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಬಯಲಿನಲ್ಲಿ ಒಂದು ಮೀಟರು ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಸರಿಯಾಗಿ ಒಂದು ಮೀಟರು ಆಗುವವರೆಗೆ ಕಾಯಬೇಕು. ಆ ಹೊತ್ತಿಗೆ ಮರದ ನೆರಳಿನ ಉದ್ದವೇ ಮರದ ಎತ್ತರ. ಮರದ ಬುಡದಿಂದ ತಂತಿಯ ಕೆಳಗಿನ ನೆಲಕ್ಕೆ ಇರುವ ದೂರವು ಆ ಎತ್ತರಕ್ಕಿಂತ ಕಡಿಮೆಯಿದ್ದರೆ ಮರ ಬಿದ್ದಾಗ ತಂತಿಯನ್ನು ಮುಟ್ಟುವ ಸಂಭವವುಂಟು. ನೆಟ್ಟಗೆ ಬೆಳೆದು ಬೇರು ಗಟ್ಟಿಯಾಗಿರುವ ಮರವನ್ನೆಲ್ಲ ಕಡಿಯಬೇಕೆಂದು ಇದರ ಅರ್ಥವಲ್ಲ. ಫಲ ಕೊಡುವ ತೆಂಗನ್ನು ಕಡಿಯೆಂದರೆ ಯಾವ ಒಕ್ಕಲೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ತಂತಿಯ ಕಡೆಗೆ ವಾಲಿದವು, ಬುಡಕ್ಕೆ ಗೆದ್ದಲು ಹತ್ತಿದವು, ಸುಳಿ ಕೊಳೆತವು, ದರೆ ಕುಸಿದು ಬೇರು ಹೊರಬಿದ್ದವು, ಇವನ್ನು ಮೊದಲು ಗುರುತಿಸಿ ಸುಣ್ಣದ ಪಟ್ಟೆ ಬಳಿದಿಡತಕ್ಕದ್ದು. ಮಿಕ್ಕ ಮರಗಳಲ್ಲಿ ಒಣಗಿದ ಮಡಲುಗಳನ್ನು ಮೃಗಶಿರಾ ಮಳೆಗೆ ಮೊದಲು ಇಳಿಸಿದರೆ ಸಾಕು. ತಂತಿಯ ಸಮೀಪದ ಮರವನ್ನು ಏರುವುದಕ್ಕೆ ಮುಂಚೆ ಹೆಸ್ಕಾಂ ಶಾಖೆಯಿಂದ ಲೈನ್ ಕ್ಲಿಯರ್ ಪಡೆದು, ಮಾರ್ಗದಾಳು ಎದುರಿಗೆ ನಿಂತಿದ್ದಾಗ ಮಾತ್ರ ಕೆಲಸ ಮಾಡಿಸಬೇಕು. ಹಸಿಮಡಲಿನ ಮೂಲಕ ವಿದ್ಯುತ್ತು ಹರಿದು ಮರ ಹತ್ತಿದವನು ಕೆಳಗುರುಳಿದ ಸಂದರ್ಭಗಳು ಕರಾವಳಿಯಲ್ಲಿ ಅಪರೂಪವಲ್ಲ.

ಕರಾವಳಿಗೇ ವಿಶೇಷವಾದ ಮತ್ತೊಂದು ಶತ್ರು ಉಪ್ಪು. ಸಾಣಿಕಟ್ಟಾದ ಆಗರಗಳಿಗೆ ಉಪ್ಪನ್ನು ಕೊಡುವ ಅದೇ ಗಾಳಿ ಬಿಸಿಲುಗಳು ಕಂಬದ ಮೇಲಿನ ಪಿಂಗಾಣಿ ಬಟ್ಟಲುಗಳ ಮೇಲೂ ಬೇಸಗೆಯುದ್ದಕ್ಕೂ ಉಪ್ಪಿನ ಪೊರೆಯನ್ನು ಕೂರಿಸುತ್ತವೆ. ಒಣಗಿರುವಾಗ ಅದು ನಿರುಪದ್ರವಿ. ಏಪ್ರಿಲ್-ಮೇ ತಿಂಗಳಲ್ಲಿ ನಾಲ್ಕು ಹನಿ ತುಂತುರು ಬಿದ್ದೊಡನೆ ಪೊರೆಯು ಒದ್ದೆಯಾಗಿ ವಿದ್ಯುತ್ತಿಗೆ ದಾರಿ ಕೊಡುವುದು. ಬಟ್ಟಲಿನ ಮೇಲೆ ನೀಲಿ ಕಿಡಿ ಹಾರುವುದು. ಉಪಕೇಂದ್ರದಲ್ಲಿ ಮಾರ್ಗವು ತಾನಾಗಿ ಕಡಿದುಕೊಳ್ಳುವುದು. “ಮಳೆಯೇ ಬರಲಿಲ್ಲ, ಕರೆಂಟು ಏಕೆ ಹೋಯಿತು” ಎಂಬ ಪ್ರಶ್ನೆಗೆ ಉತ್ತರ ಇದು. ಜೋರಾದ ಮಳೆಯು ಬಟ್ಟಲನ್ನು ತೊಳೆದ ಮೇಲೆ ಈ ಉಪದ್ರವ ತಗ್ಗುತ್ತದೆ. ರಾತ್ರಿ ಯಾವ ಕಂಬದ ಮೇಲೆ ಕಿಡಿ ಕಂಡಿತೆಂದು ಕಂಬದ ಸಂಖ್ಯೆಯ ಸಹಿತ ತಿಳಿಸಿದರೆ ಮಾರ್ಗದಾಳಿಗೆ ಅರ್ಧ ದಿನದ ಹುಡುಕಾಟ ಉಳಿಯುವುದು. ದೂರಿನ ಸಂಖ್ಯೆ ೧೯೧೨.

ತಂತಿಗಳನ್ನೆಲ್ಲ ನೆಲದೊಳಗೆ ಹೂಳಿಬಿಟ್ಟರೆ ತೀರಿತಲ್ಲ ಎಂದು ಕೆಲವರು ಹೇಳುವರು. ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಚಂಡಮಾರುತವು ಬಡಿದ ಮೇಲೆ ವಿಶಾಖಪಟ್ಟಣದಲ್ಲಿ ಈ ಕ್ರಮವನ್ನು ಕೈಗೊಳ್ಳಲಾಯಿತು. ಪಟ್ಟಣಕ್ಕೆ ಇದು ಯುಕ್ತ. ಗಜನಿ ಸೀಮೆಯಲ್ಲಿ ಮಾತ್ರ ನೆಲವೇ ಉಪ್ಪುನೀರಿನಲ್ಲಿ ನೆನೆದಿರುವುದರಿಂದ ಬೆಸುಗೆಯ ಸ್ಥಾನಗಳು ಬೇಗ ಕೆಡುವುವು, ಕೆಟ್ಟ ಜಾಗ ಎಲ್ಲಿಯೆಂದು ಕಣ್ಣಿಗೆ ಕಾಣದು, ವೆಚ್ಚವೋ ಬಹಳ. ತೋಟಗಳ ನಡುವೆ ಹೊದಿಕೆಯುಳ್ಳ ತಂತಿಗಳನ್ನು ಒಟ್ಟಿಗೆ ಹೆಣೆದು ಕಂಬದ ಮೇಲೆಯೇ ಕಟ್ಟುವ ಪದ್ಧತಿಯು ಹಳ್ಳಿಗಳಿಗೆ ಹೆಚ್ಚು ಒಗ್ಗುವುದು. ಇದಕ್ಕಾಗಿ ಪಂಚಾಯಿತಿಯು ಠರಾವು ಮಾಡಿ ಹೆಸ್ಕಾಂಗೆ ಬರೆದುಕೊಳ್ಳುವುದು ಲೇಸು.

ಕಡಿದು ಬಿದ್ದ ತಂತಿಯ ವಿಷಯದಲ್ಲಿ ಒಂದು ಮಾತು. ನೀರು ನಿಂತ ಗದ್ದೆಯಲ್ಲಿ ತಂತಿ ಬಿದ್ದಿದ್ದರೆ ಅದರ ಸುತ್ತಣ ನೆಲವೆಲ್ಲ ವಿದ್ಯುನ್ಮಯವಾಗಿರಬಹುದು. ತಂತಿಯಿಂದ ದೂರ ಹೋದಂತೆ ಒತ್ತಡವು ಕಡಿಮೆಯಾಗುವುದರಿಂದ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ ವ್ಯತ್ಯಾಸವುಂಟಾಗಿ ಶರೀರದ ಮೂಲಕ ವಿದ್ಯುತ್ತು ಹರಿಯುವುದು. ಎತ್ತು ಎಮ್ಮೆಗಳ ಮುಂಗಾಲು ಹಿಂಗಾಲುಗಳ ಅಂತರ ಮನುಷ್ಯನ ಹೆಜ್ಜೆಗಿಂತ ದೊಡ್ಡದು. ಹೃದಯವೂ ಆ ದಾರಿಯ ನಡುವೆಯೇ ಇದೆ. ಆದಕಾರಣ ಮನುಷ್ಯನು ದಾಟಿಹೋದ ಜಾಗದಲ್ಲಿ ಜಾನುವಾರು ಸಾಯುವುದುಂಟು. ಗಾಳಿಮಳೆಯ ಮರುದಿನ ಬೆಳಿಗ್ಗೆ ತಂತಿಯ ಹಾದಿಯನ್ನು ದೂರದಿಂದ ಕಣ್ಣಾರೆ ನೋಡುವವರೆಗೆ ದನಗಳನ್ನು ಕೊಟ್ಟಿಗೆಯಿಂದ ಬಿಡಬಾರದು. ತಂತಿಯ ಹತ್ತಿರ ಸಿಕ್ಕಿಕೊಂಡವನು ಪಾದಗಳನ್ನು ಜೋಡಿಸಿಕೊಂಡು ನೆಲಕ್ಕೆ ತೇಯುತ್ತ ಕಿರುಹೆಜ್ಜೆಯಲ್ಲಿ ಹಿಂದೆ ಸರಿಯಬೇಕು, ಓಡಬಾರದು.

ಜಂತ್ರದ ಬಾಗಿಲು ಕಲಿಸುವ ಪಾಠ

ಗಜನಿಯ ಕಟ್ಟೆಯಲ್ಲಿ ಕೂರಿಸಿದ ಜಂತ್ರದ ಬಾಗಿಲನ್ನು ಈ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಇಳಿತದ ಹೊತ್ತಿಗೆ ಗದ್ದೆಯ ಸಿಹಿನೀರು ಹೊಳೆಗೆ ಹೋಗಬೇಕು; ಉಬ್ಬರದ ಹೊತ್ತಿಗೆ ಹೊಳೆಯ ಉಪ್ಪುನೀರು ಒಳಬರಬಾರದು. ಕೆಲವೆಡೆ ಹಲಗೆಗಳನ್ನು ಕೈಯಿಂದ ಇಳಿಸುವರು. ಕೆಲವೆಡೆ ಹೊರಗಣ ನೀರಿನ ಒತ್ತಡದಿಂದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು. ಎರಡಕ್ಕೂ ವಿದ್ಯುತ್ತು ಬೇಡ, ದೂರವಾಣಿ ಬೇಡ. ಉಬ್ಬರವು ಹನ್ನೆರಡೂವರೆ ಗಂಟೆಗೊಮ್ಮೆ ಬರುವುದೂ ದಿನಕ್ಕೆ ಸುಮಾರು ೫೦ ನಿಮಿಷ ತಡವಾಗುವುದೂ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರುವುದೂ ಬಾಗಿಲು ಕಾಯುವವನಿಗೆ ಬಾಯಿಪಾಠವಾಗಿರುತ್ತದೆ. ಕಾಳಿ ಶರಾವತಿಗಳಂತೆ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಅಲ್ಲಿಯವರು ಕೇಳಿಸಿಕೊಳ್ಳುವ “ಇಷ್ಟು ಹೊತ್ತಿಗೆ ಇಷ್ಟು ನೀರು ಬಿಡಲಾಗುವುದು” ಎಂಬ ಮುನ್ಸೂಚನೆ ಇಲ್ಲಿಗೆ ಬರುವುದಿಲ್ಲ. ಘಟ್ಟದ ಮೇಲಿನ ಮಳೆಯೇ ಸೂಚನೆ. ಅದು ಉಬ್ಬರದೊಡನೆ ಕೂಡಿದರೆ ನೆರೆ ಕಟ್ಟೆಯ ನೆತ್ತಿಗೆ ಬರುವುದು. ಒಂದು ರಾತ್ರಿ ಕಟ್ಟೆ ಒಡೆದು ಉಪ್ಪು ನುಗ್ಗಿದರೆ ಉಪ್ಪು ತಾಳುವ ಕಗ್ಗ ಭತ್ತವು ಎದ್ದು ನಿಲ್ಲಬಹುದು, ಇತರ ತಳಿಗಳು ಬದುಕಲಾರವು. ಆ ವರ್ಷದ ಬೆಳೆ ಹೋದಂತೆಯೇ.

ಜಂತ್ರದಲ್ಲಿ ಅಡಗಿರುವ ತತ್ತ್ವವೇನೆಂದರೆ, ನೋಡುವವರಿಲ್ಲದಾಗ, ನಡೆಸುವ ಬಲವು ತಪ್ಪಿದಾಗ, ಉಪಕರಣವು ತಾನಾಗಿ ಕ್ಷೇಮವಾದ ಸ್ಥಿತಿಗೆ ಬಂದು ನಿಲ್ಲಬೇಕು. ಈಚೆಗೆ ಊರುಗಳಲ್ಲಿ ಬಂದಿರುವ ಯಂತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ವಿದ್ಯುತ್ ಮೋಟಾರಿನಿಂದ ಎತ್ತುವ ಹೊಸ ಬಾಗಿಲನ್ನು ಕೂರಿಸುವಲ್ಲಿ ಕೈಯಿಂದ ತಿರುಗಿಸುವ ಚಕ್ರವೂ ಇರಲೇಬೇಕೆಂದು ಕರಾರು ಮಾಡಿಸಬೇಕು. ಸೀಗಡಿ ಹೊಂಡಗಳಲ್ಲಿ ನೀರನ್ನು ಕಡೆಯುವ ಯಂತ್ರಚಕ್ರಗಳು ನಿಂತರೆ ಬೆಳಗಿನ ಜಾವದೊಳಗೆ, ನೀರಿನ ಪ್ರಾಣವಾಯು ಅತಿ ಕಡಿಮೆಯಿರುವ ಹೊತ್ತಿನಲ್ಲಿ, ಇಡೀ ಹೊಂಡದ ಸೀಗಡಿ ಸಾಯಬಹುದು. ಅಲ್ಲಿ ತಾನಾಗಿ ಕ್ಷೇಮಕ್ಕೆ ಬರುವ ಸ್ಥಿತಿಯೇ ಇಲ್ಲ. ಹೀಗಿರುವ ಕಡೆ ಡೀಸೆಲ್ ಎಂಜಿನನ್ನು ಇಡದೆ ದಟ್ಟವಾಗಿ ಮರಿ ಬಿಡುವುದು ಜೂಜಾಟ. ಕುಡಿಯುವ ನೀರಿನ ಎತ್ತರದ ತೊಟ್ಟಿಯಾದರೋ ಜಂತ್ರದ ಜಾತಿಯದು: ಒಮ್ಮೆ ತುಂಬಿದರೆ ನೀರು ತನ್ನ ಭಾರದಿಂದಲೇ ಇಳಿಯುವುದು. ಗಾಳಿಯ ಮುನ್ಸೂಚನೆ ಬಂದ ಸಂಜೆ ಅದನ್ನು ತುಂಬಿಸಿಡುವುದು ಪಂಪು ನಡೆಸುವವನ ಮೊದಲ ಕರ್ತವ್ಯವೆಂದು ಪಂಚಾಯಿತಿಯು ನಿಯಮಿಸತಕ್ಕದ್ದು. ಹಿನ್ನೀರಿನ ಸಮೀಪದ ಬಾವಿಗಳಿಗೆ ನೆರೆಯಲ್ಲಿ ಉಪ್ಪು ಸೇರುವುದರಿಂದ ಇದರ ಅಗತ್ಯ ಇಮ್ಮಡಿ.

ಸುದ್ದಿಯ ದಾರಿಗಳು

ಹಿಂದಿನ ತಾಮ್ರದ ತಂತಿಯ ದೂರವಾಣಿಗೆ ಒಂದು ಗುಣವಿದ್ದಿತು. ಅದಕ್ಕೆ ಬೇಕಾದ ೪೮ ವೋಲ್ಟಿನ ಶಕ್ತಿಯು ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಅದೇ ತಂತಿಯ ಮೇಲೆ ಬರುತ್ತಿತ್ತು. ಊರಿನಲ್ಲಿ ದೀಪವಾರಿದರೂ ತಂತಿ ಕಡಿಯದಿದ್ದರೆ ಮಾತು ನಡೆಯುತ್ತಿತ್ತು. ಈಗ ಪಂಚಾಯಿತಿಗಳಿಗೆ ಬಂದಿರುವ ಗಾಜಿನ ಎಳೆಯು ಸಾವಿರ ಪಾಲು ಹೆಚ್ಚು ಸುದ್ದಿಯನ್ನು ಒಯ್ಯಬಲ್ಲದು; ಆದರೆ ಬೆಳಕನ್ನಷ್ಟೇ ಒಯ್ಯುವ ಅದು ವಿದ್ಯುತ್ತನ್ನು ಒಯ್ಯದು. ಎಳೆಯು ಎಷ್ಟೇ ಗಟ್ಟಿಯಾಗಿದ್ದರೂ ತುದಿಯಲ್ಲಿರುವ ಪೆಟ್ಟಿಗೆಗೆ ಊರಿನ ಕರೆಂಟೇ ಬೇಕು. ಮೊಬೈಲ್ ಗೋಪುರವೂ ಹಾಗೆಯೇ: ಕರೆಂಟು ಹೋದ ಮೇಲೆ ಬ್ಯಾಟರಿಯಿಂದ ಕೆಲವು ಗಂಟೆ, ಡೀಸೆಲ್ ಯಂತ್ರವಿದ್ದರೆ ಎಣ್ಣೆ ಮುಗಿಯುವವರೆಗೆ. ಎಣ್ಣೆ ಬರುವುದು ರಸ್ತೆಯಿಂದ. ರಸ್ತೆ ಮುಚ್ಚಿದ್ದರೆ ಗೋಪುರವು ನಿಂತಲ್ಲಿಯೇ ಮೂಕವಾಗುವುದು. ರೈಲಿನ ವಿಷಯವೂ ಕೊಂಚ ಇದೇ ದಾರಿ ಹಿಡಿದಿದೆ. ೧೯೯೮ರಿಂದ ಪೂರ್ಣವಾಗಿ ನಡೆಯುತ್ತಿರುವ ಕೊಂಕಣ ಮಾರ್ಗದಲ್ಲಿ ಮೊದಲು ಡೀಸೆಲ್ ಎಂಜಿನುಗಳೇ ಓಡುತ್ತಿದ್ದವು. ೨೦೨೨ರಲ್ಲಿ ಇಡೀ ಮಾರ್ಗವು ವಿದ್ಯುದೀಕರಣಗೊಂಡಿತು. ಒಂದರ ಬೆನ್ನನ್ನು ಮತ್ತೊಂದು ನಂಬಿರುವ ಇಂತಹ ಏರ್ಪಾಡಿನಲ್ಲಿ ಮೊದಲ ಕೇಡಿಗಿಂತ ಎರಡನೆಯ, ಮೂರನೆಯ ಕೇಡೇ ಹೆಚ್ಚು ದಿನ ಕಾಡುತ್ತದೆ. ಅಮೆರಿಕದ ಅಧೀನದ ಪೋರ್ಟೊ ರಿಕೊ ದ್ವೀಪಕ್ಕೆ ೨೦೧೭ರ ಸೆಪ್ಟೆಂಬರ್ ೨೦ರಂದು ಮಾರಿಯಾ ಚಂಡಮಾರುತವು ಬಡಿದಾಗ ಮೊಬೈಲ್ ಗೋಪುರಗಳಲ್ಲಿ ನೂರಕ್ಕೆ ೯೫ರಷ್ಟು ನಿಂತವು. ಕೊನೆಯ ಮನೆಗಳಿಗೆ ವಿದ್ಯುತ್ತು ಮರಳಿದ್ದು ಸುಮಾರು ಹನ್ನೊಂದು ತಿಂಗಳ ಮೇಲೆ. ಅಷ್ಟು ಸಂಪನ್ನವಾದ ರಾಜ್ಯದ ಗತಿಯೇ ಹೀಗಾಯಿತು.

ಹಾಗಾದರೆ ಮಾಡತಕ್ಕದ್ದೇನು? ಗೋಪುರವು ಇನ್ನೂ ಜೀವದಿಂದಿರುವ ಮೊದಲ ಒಂದೆರಡು ಗಂಟೆಗಳಲ್ಲಿಯೇ ಅಗತ್ಯದ ಸುದ್ದಿಯನ್ನು ಕಳುಹಿಸಿಬಿಡಬೇಕು. ಗರ್ಭಿಣಿಯರು, ಹಾಸಿಗೆ ಹಿಡಿದವರು, ಔಷಧವನ್ನು ದಿನವೂ ತೆಗೆದುಕೊಳ್ಳಬೇಕಾದವರು ಯಾರ ಯಾರ ಮನೆಯಲ್ಲಿರುವರೆಂಬುದು ಮುಂಚೆಯೇ ಬರೆದಿಟ್ಟಿದ್ದರೆ ಆ ಹೊತ್ತು ವ್ಯರ್ಥವಾಗದು. ಮಾತು ಸಿಕ್ಕದಲ್ಲಿ ಕಿರುಸಂದೇಶವು ಹೋಗುವ ಸಂಭವ ಹೆಚ್ಚು. ಅದಕ್ಕೆ ಬೇಕಾದ ಅವಕಾಶ ಬಹಳ ಅಲ್ಪ. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ ೧೦೭೭, ತುರ್ತು ಸಹಾಯದ್ದು ೧೧೨. ಗೋಪುರವು ನಿಂತ ಮೇಲೆ ಉಳಿಯುವುದು ಬೇರೆ ಜಾತಿಯ ಸಾಧನಗಳು. ತದಡಿಯ ಮೀನುಗಾರರ ದೋಣಿಗಳಲ್ಲಿ ಸಮುದ್ರದ ನಿಸ್ತಂತು ಯಂತ್ರಗಳಿರುವುದುಂಟು. ಅವು ದೋಣಿಯ ಬ್ಯಾಟರಿಯಿಂದ ನಡೆದು ಯಾವ ಗೋಪುರದ ಹಂಗೂ ಇಲ್ಲದೆ ಒಂದರೊಡನೊಂದು ಮಾತನಾಡುವುವು. ಅಂತಹ ದೋಣಿಯ ಒಡೆಯರೊಡನೆ ಪಂಚಾಯಿತಿಯು ಬೇಸಗೆಯಲ್ಲಿಯೇ ಮಾತನಾಡಿಕೊಂಡಿರುವುದು ಒಳಿತು. ಸೆಲ್ಲಿನ ರೇಡಿಯೋ ಒಂದು ಪ್ರತಿ ಕೇರಿಯಲ್ಲಿಯೂ ಇರಬೇಕು. ಆಕಾಶವಾಣಿಯ ವರ್ತಮಾನವು ಗೋಪುರಗಳು ನಿಂತ ಮೇಲೂ ಕೇಳಿಸುವುದು. ಊರೊಳಗೆ ಸುದ್ದಿ ಮುಟ್ಟಿಸಲು ಡಂಗುರವೂ ಗುಡಿಯ ಗಂಟೆಯೂ ಇಂದಿಗೂ ಹಳತಾಗಿಲ್ಲ. ಎಷ್ಟು ಪೆಟ್ಟಿಗೆ ಏನರ್ಥವೆಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿರಬೇಕು: ಕಟ್ಟೆ ಒಡೆದಾಗ ಒಂದು ಬಗೆ, ಮನೆ ಬಿಟ್ಟು ಮೇಲಕ್ಕೆ ಹೋಗಬೇಕಾದಾಗ ಮತ್ತೊಂದು.

ಮನೆಯ ಬ್ಯಾಟರಿ, ಜನರೇಟರು, ಸೌರಫಲಕ

ಅನುಕೂಲಸ್ಥರ ಮನೆಗಳಲ್ಲಿ ಈಗ ಇನ್ವರ್ಟರುಗಳಿವೆ. ಅವುಗಳ ಬಲವನ್ನು ಲೆಕ್ಕ ಹಾಕಿ ತಿಳಿದವರು ಕಡಿಮೆ. ೧೨ ವೋಲ್ಟಿನ, ೧೫೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೇಳಿಕೆಗೆ ೧,೮೦೦ ವಾಟ್-ಗಂಟೆ ಇದೆ. ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು: ೯೦೦. ಇನ್ವರ್ಟರಿನಲ್ಲಿ ಕಳೆಯುವುದನ್ನು ಬಿಟ್ಟರೆ ಸುಮಾರು ೭೨೦ ಉಳಿಯಿತೆನ್ನೋಣ. ಒಂಬತ್ತು ವಾಟಿನ ಐದು ದೀಪಗಳು, ಒಂದು ರೇಡಿಯೋ, ಮೊಬೈಲುಗಳ ಭರ್ತಿ, ಎಲ್ಲ ಸೇರಿ ೬೦ ವಾಟ್. ಹನ್ನೆರಡು ಗಂಟೆ ನಡೆಯುವುದು. ದಿನಕ್ಕೆ ನಾಲ್ಕೇ ಗಂಟೆ ಬಳಸುವ ಸಂಯಮವಿದ್ದರೆ ಮೂರು ರಾತ್ರಿ. ದೂರದರ್ಶನವನ್ನೂ ಎರಡು ಫ್ಯಾನನ್ನೂ ಹಚ್ಚಿದರೆ ಅದೇ ಬ್ಯಾಟರಿ ಮೊದಲನೆಯ ರಾತ್ರಿಯ ಊಟದ ಹೊತ್ತಿಗೇ ಬರಿದಾಗುವುದು. ಒಂದು ಅಶ್ವಶಕ್ತಿಯ ಪಂಪಿಗೆ ಸುಮಾರು ಒಂದು ಕಿಲೋವಾಟು ಬೇಕಾದುದರಿಂದ ಅದನ್ನು ಇಂತಹ ಇನ್ವರ್ಟರಿಗೆ ಜೋಡಿಸುವ ಯೋಚನೆಯನ್ನೇ ಬಿಡಬೇಕು.

ಸೌರಫಲಕಗಳ ವಿಷಯದಲ್ಲಿ ಒಂದು ತಪ್ಪುತಿಳಿವಳಿಕೆ ಹರಡಿದೆ. ೨೦೨೪ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮಾಳಿಗೆಯ ಮೇಲೆ ಫಲಕ ಹಾಕಿಸಿದವರು ಇನ್ನು ತಮಗೆ ಕತ್ತಲೆಯೇ ಇಲ್ಲವೆಂದು ಭಾವಿಸುವರು. ಬ್ಯಾಟರಿಯಿಲ್ಲದೆ ಕೇವಲ ಸರ್ಕಾರಿ ತಂತಿಗೆ ಜೋಡಿಸಿದ ಫಲಕವು, ತಂತಿಯಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುವಂತೆ ರಚಿತವಾಗಿದೆ. ಹಗಲು ಬಿಸಿಲಿದ್ದರೂ ಮನೆಗೆ ಶಕ್ತಿ ಸಿಗದು. ಇದು ದೋಷವಲ್ಲ, ಬೇಕೆಂದೇ ಮಾಡಿದ ರಕ್ಷಣೆ. ಆಪತ್ಕಾಲಕ್ಕೂ ಬೇಕೆನ್ನುವವರು ಬ್ಯಾಟರಿಯುಳ್ಳ ಮಾದರಿಯನ್ನು ಆರಿಸಬೇಕು. ಆಷಾಢದ ಕಾರ್ಮೋಡದಲ್ಲಿ ಉತ್ಪಾದನೆಯು ಬೇಸಗೆಯ ಕಾಲುಭಾಗಕ್ಕೂ ಇಳಿಯಬಹುದೆಂಬುದನ್ನು ತಿಳಿದೇ ಆರಿಸಬೇಕು.

ಆ ರಕ್ಷಣೆ ಏತಕ್ಕೆಂಬುದೇ ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಟ್ರಾನ್ಸ್‌ಫಾರ್ಮರು ೧೧,೦೦೦ ವೋಲ್ಟನ್ನು ೪೦೦ಕ್ಕೆ ಇಳಿಸುವುದೆಂದು ಮೇಲೆ ಹೇಳಿದೆ. ಅದು ಎರಡು ಕಡೆಗೂ ಕೆಲಸ ಮಾಡುವ ಯಂತ್ರ. ಕರೆಂಟು ಹೋದ ರಾತ್ರಿ ಜಮೀನುದಾರರೊಬ್ಬರು ತಮ್ಮ ಜನರೇಟರಿನ ತಂತಿಯನ್ನು ಮನೆಯ ಒಂದು ಪ್ಲಗ್ಗಿಗೆ ಚುಚ್ಚಿ ನಡೆಸಿದರೆನ್ನಿ. ಆ ಶಕ್ತಿಯು ಅವರ ಮನೆಯ ದೀಪಗಳಿಗಷ್ಟೇ ಹೋಗದು. ಮೀಟರನ್ನು ದಾಟಿ ಕಂಬಕ್ಕೆ, ಕಂಬದಿಂದ ಟ್ರಾನ್ಸ್‌ಫಾರ್ಮರಿಗೆ ಹಿಂದಕ್ಕೆ ಹರಿದು, ಅಲ್ಲಿ ಮೇಲಕ್ಕೇರಿ ಸಾವಿರಾರು ವೋಲ್ಟಾಗಿ ಸತ್ತ ತಂತಿಯನ್ನು ಬದುಕಿಸಬಲ್ಲುದು. ಅರ್ಧ ಮೈಲಿ ಆಚೆ, ಮಳೆಯಲ್ಲಿ, ಉಪಕೇಂದ್ರದಲ್ಲಿ ಮಾರ್ಗವನ್ನು ಕಡಿಸಿಕೊಂಡು ಬಂದಿದ್ದೇನೆಂಬ ಧೈರ್ಯದಿಂದ ಕಂಬ ಹತ್ತಿರುವ ಮಾರ್ಗದಾಳಿನ ಕೈ ಆ ತಂತಿಯ ಮೇಲಿರುತ್ತದೆ. ಅವನು ಕೆಲಸಕ್ಕೆ ಮೊದಲು ತಂತಿಗಳನ್ನು ನೆಲಕ್ಕೆ ಜೋಡಿಸಬೇಕೆಂಬ ನಿಯಮವಿದೆ. ಆದರೆ ಅವನ ಎಚ್ಚರಿಕೆಯನ್ನು ನಂಬಿ ಊರಿನವರು ಅಜಾಗ್ರತೆಯಿಂದಿರುವುದು ನ್ಯಾಯವಲ್ಲ. ಜನರೇಟರು ಇಟ್ಟ ಪ್ರತಿಯೊಬ್ಬರೂ ಎರಡು ದಿಕ್ಕಿಗೆ ತಿರುಗುವ ಚೇಂಜ್-ಓವರ್ ಸ್ವಿಚ್ಚನ್ನು ಪರವಾನಗಿಯುಳ್ಳ ಕೆಲಸಗಾರನಿಂದ ಕೂರಿಸಿರಬೇಕು. ಇದು ಒಂದೆಡೆ ಕೂಡಿದಾಗ ಮತ್ತೊಂದೆಡೆ ಕಡಿದೇ ಇರುವುದು. ಜನರೇಟರಿಗೂ ಸರ್ಕಾರಿ ತಂತಿಗೂ ಸಂಬಂಧವುಂಟಾಗಲು ಅವಕಾಶವೇ ಇರದು. ಅದಿಲ್ಲದ ಮನೆಯಲ್ಲಿ ದೀಪವನ್ನೂ ಪಂಪನ್ನೂ ಜನರೇಟರಿಗೆ ನೇರವಾಗಿ ಬೇರೆ ತಂತಿಯಿಂದ ಜೋಡಿಸಬಹುದು; ಮನೆಯ ತಂತಿಗೆ ಕೂಡಿಸಲೇಕೂಡದು. ಊರಿನಲ್ಲಿ ಜನರೇಟರು ಯಾರ ಯಾರಲ್ಲಿದೆ, ಸ್ವಿಚ್ಚು ಇದೆಯೋ ಇಲ್ಲವೋ ಎಂಬ ಪಟ್ಟಿಯನ್ನು ಮುಖಂಡರು ಮೇ ತಿಂಗಳಲ್ಲಿ ಶಾಖೆಯ ಅಧಿಕಾರಿಗೆ ಕೊಡತಕ್ಕದ್ದು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋದಾಗ ಗಳುವಿನಿಂದ ತಾವೇ ಹಾಕುವ ಹುಂಬತನವನ್ನೂ, ಫ್ಯೂಸಿನ ಜಾಗದಲ್ಲಿ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತುವ ಜಾಣತನವನ್ನೂ ಇದರ ಜೊತೆಗೇ ನಿಲ್ಲಿಸಬೇಕು. ಕಡಿಯಬೇಕಾದ ಎಳೆ ಕಡಿಯದಿದ್ದರೆ ಸು��ುವುದು ಟ್ರಾನ್ಸ್‌ಫಾರ್ಮರು. ರಸ್ತೆ ಮುಚ್ಚಿರುವಾಗ ಬೇರೊಂದು ಬರುವುದಿಲ್ಲ.

ಜನರೇಟರು ಇಡುವ ಸ್ಥಳವೂ ವಿಚಾರಾರ್ಹ. ೨೦೧೧ರ ಮಾರ್ಚ್ ೧೧ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದೊಡನೆ ಅಣುಸ್ಥಾವರಗಳು ಕ್ರಮದಂತೆ ನಿಂತವು, ಡೀಸೆಲ್ ಯಂತ್ರಗಳೂ ಕ್ರಮದಂತೆ ಹೊತ್ತಿಕೊಂಡವು. ಸುಮಾರು ಐವತ್ತು ನಿಮಿಷಗಳ ಮೇಲೆ ಬಂದ ಸಮುದ್ರದ ತೆರೆಯು ಕೆಳಮಟ್ಟದಲ್ಲಿದ್ದ ಡೀಸೆಲ್ ಯಂತ್ರಗಳನ್ನೂ ಸ್ವಿಚ್ಚುಗಳನ್ನೂ ಮುಳುಗಿಸಿತು. ಅನರ್ಥವು ಅಲ್ಲಿಂದ ಬೆಳೆಯಿತು. ಪಂಚಾಯಿತಿ ಕಚೇರಿಯಾಗಲಿ ಹಾಲಿನ ಸಂಘವಾಗಲಿ ಜನರೇಟರನ್ನು ಅಂಗಳದ ಮೂಲೆಯಲ್ಲಿ ನೆಲಕ್ಕೆ ಕೂರಿಸಿದ್ದರೆ ಅದನ್ನು ಈ ಊರಿನ ಹಿರಿಯರು ನೋಡಿದ ಅತಿ ದೊಡ್ಡ ನೆರೆಯ ಗುರುತಿಗಿಂತ ಎರಡು ಅಡಿ ಮೇಲೆ ಕಟ್ಟೆ ಕಟ್ಟಿ ಏರಿಸಬೇಕು. ಮುಚ್ಚಿದ ಕೋಣೆಯೊಳಗೆ ನಡೆಸಬಾರದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿದೆ.

ಮಳೆಗೆ ಮುಂಚಿನ ಸಭೆ

೨೦೨೧ರ ತೌಕ್ತೆ ಚಂಡಮಾರುತವು ಕರ್ನಾಟಕದ ಕರಾವಳಿಯ ಹತ್ತಿರದಿಂದ ಹಾದುಹೋದದ್ದು ಮೇ ತಿಂಗಳ ೧೫, ೧೬ರಂದು. ಮೃಗಶಿರಾ ಮಳೆಗೆ ಇನ್ನೂ ಮೂರು ವಾರವಿತ್ತು. ಕಂಬಗಳು ಸಾಲುಸಾಲಾಗಿ ಉರುಳಿದವು. ಆದುದರಿಂದ ಮಳೆಗಾಲದ ಸಿದ್ಧತೆಯನ್ನು ಜೂನ್ ಆರಂಭಕ್ಕೆಂದು ಇಟ್ಟುಕೊಳ್ಳುವ ರೂಢಿಯನ್ನು ಬದಲಿಸಿ ಏಪ್ರಿಲ್ ಕಡೆಯ ವಾರದೊಳಗೆ ಮುಗಿಸತಕ್ಕದ್ದು. ಪಂಚಾಯಿತಿಯ ಅಧ್ಯಕ್ಷರು, ಗ್ರಾಮ ಆಡಳಿತಾಧಿಕಾರಿ, ಶಾಖೆಯ ಮಾರ್ಗದಾಳು, ಜಂತ್ರ ಕಾಯುವವರು, ಪಂಪು ನಡೆಸುವವನು, ಆಶಾ ಕಾರ್ಯಕರ್ತೆಯರು, ದೋಣಿಯ ಒಡೆಯರಿಬ್ಬರು, ಇಷ್ಟು ಜನ ಒಂದು ಮಧ್ಯಾಹ್ನ ಕೂಡಿದರೆ ಸಾಕು. ಆ ಸಭೆಯಲ್ಲಿ ಒಂದು ಕಾಗದದ ಪುಸ್ತಕ ಸಿದ್ಧವಾಗಬೇಕು. ಮೊಬೈಲಿನೊಳಗೆ ಬರೆದಿಟ್ಟದ್ದು ಮೊಬೈಲಿನೊಡನೆಯೇ ಆರುವುದಾದ್ದರಿಂದ ಕಾಗದವೇ ಬೇಕು. ಊರಿನ ಟ್ರಾನ್ಸ್‌ಫಾರ್ಮರುಗಳ ಮತ್ತು ಕಂಬಗಳ ಸಂಖ್ಯೆಗಳು, ಸುಣ್ಣ ಬಳಿದ ಮರಗಳು, ಜನರೇಟರಿನ ಪಟ್ಟಿ, ಹಾಸಿಗೆ ಹಿಡಿದವರ ಮನೆಗಳು, ಆ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರದ ಹೊತ್ತು, ಇಷ್ಟನ್ನು ಅದರಲ್ಲಿ ಬರೆಯಬೇಕು. ರಸ್ತೆ ಕಡಿದಾಗ ಕುಮಟೆಗೂ ಅಂಕೋಲೆಗೂ ಸುದ್ದಿ ಒಯ್ಯುವವರ ಹೆಸರುಗಳನ್ನು ಕೊನೆಯಲ್ಲಿ ಸೇರಿಸಬೇಕು. ಒಬ್ಬೊಬ್ಬರ ಬದಲಿಗೆ ಇಬ್ಬಿಬ್ಬರನ್ನು ನೇಮಿಸಬೇಕು. ಒಬ್ಬನು ತೆಂಕಣ ಕೇರಿಯವನಾದರೆ ಮತ್ತೊಬ್ಬನು ಬಡಗಣ ಕೇರಿಯವನಿರಲಿ.

ಪುಸ್ತಕದ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಶಾಲೆಯಲ್ಲಿ, ಒಂದು ಜಂತ್ರ ಕಾಯುವವನ ಮನೆಯಲ್ಲಿ ಇರತಕ್ಕದ್ದು. ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲಟ್ಟದ ಮೇಲೆ ಇಡಬೇಕು. ಕಳೆದ ವರ್ಷದ ಪ್ರತಿಗಳನ್ನು ಹೊಸವು ಬಂದ ದಿನವೇ ಹಿಂದಕ್ಕೆ ಪಡೆಯಬೇಕು.